ಬಾಕಿ

"ಬಣ್ಣ ಹಚ್ಚಿ ಆಯ್ತಲ್ಲ, ಇನ್ನೇನ್ ಉಳೀತು?"
ತಲೆಗೆ ಟವೆಲ್ ಸುತ್ತಿಕೊಂಡೇ ಕೇಳಿದರು ಕುಸುಮಾವತಿ,
ಸಾಗರ ರೂಟಿನ ಕಂಡಕ್ಟರು,
ಸೀಟಿ ಊದಿದ ಹಾಗೆ.

ಉಳಿದಿರುವುದೇ ಇದೆ, ಅಕ್ಕಾ.
ಕನ್ನಡಿ ಈಗಲೇ ಬೇಡ.
ಕಪ್ಪನ್ನು ಕೂದಲಿಂದ ಎಬ್ಬಿಸಿ ಕಳಿಸುವಾಗ
ಅದು ಒಂದೇ ಸಲಕ್ಕೆ ಹೊರಡುವುದಿಲ್ಲ;
ಹೊಸ್ತಿಲಲ್ಲಿ ಕೆಂಪು ನಿಲ್ಲುತ್ತದೆ,
ಕೆಂಪಿನ ಹಿಂದೆ ಕಿತ್ತಳೆ,
ಕಟ್ಟಕಡೆಗೆ ಒಂದು ಹಠಮಾರಿ ಹಳದಿ,
ಈಗಷ್ಟೇ ಹುಣಸೆಹಣ್ಣು ತಿಕ್ಕಿದ ಹಿತ್ತಾಳೆ ಚೊಂಬು.
ಚೊಂಬಿಗೆ ಅದು ಚಂದ. ತಲೆಗಲ್ಲ.

ನನಗೆ ಇದನ್ನೆಲ್ಲ ಕಲಿಸಿದ್ದು
ಮಂಗಳೂರಿನ ಮೂರು ತಿಂಗಳ ಕೋರ್ಸು ಅಂತ
ಗೋಡೆಯ ಸರ್ಟಿಫಿಕೇಟು ಹೇಳುತ್ತದೆ.
ಅದಕ್ಕೇನು ಗೊತ್ತು.
ನಮ್ಮವ್ವ ತುಂಗೆಯ ಕಲ್ಲಿನ ಮೇಲೆ
ಅರ್ಧ ದುರ್ಗಿಗುಡಿಯ ಬಟ್ಟೆ ಒಗೆದವಳು.
ಒಗೆದ ಬಿಳಿ ಬಿಳಿಯಲ್ಲ ಅನ್ನುತ್ತಿದ್ದಳು:
"ಕೊಳೆ ಹೋಗ್ತದೆ, ಹಳದಿ ಹೋಗಲ್ಲ.
ಅದನ್ನ ಉಜ್ಜಿ ತೆಗಿಯಕ್ಕಾಗಲ್ಲ ಮಗಾ,
ಎದುರಿಗೆ ಇನ್ನೊಂದು ಬಣ್ಣ ನಿಲ್ಲಿಸಿ
ಸುಮ್ಮನಾಗಿಸಬೇಕು."
ಬಕೆಟ್ಟಿಗೆ ನೀಲಿ. ಎರಡು ಹನಿ, ಮೂರು.
ಬೆರಳು ಅದ್ದಿ ಉಗುರು ನೋಡುವಳು,
ಉಗುರಿಗೆ ಬೆಳಗಿನ ಆರು ಗಂಟೆಯ ಆಕಾಶ ಬಂದರೆ ಸಾಕು.

ಒಂಬತ್ತು ವರ್ಷದವಳು ನಾನೊಮ್ಮೆ
ಸಹಾಯಕ್ಕೆ ಹೋಗಿ ಅರ್ಧ ಡಬ್ಬಿ ಸುರಿದೆ.
ಕೋರ್ಟು ಗುಮಾಸ್ತರ ಆರು ಅಂಗಿ
ಮುಗಿಲಾಗಿ ತಂತಿಯಲ್ಲಿ ತೂಗಿದವು.
ಅವ್ವ ಹೊಡೆಯಲಿಲ್ಲ. ಆರನ್ನೂ ಮೂರು ಸಲ ಒಗೆದಳು,
ಮೂರನೆಯ ಸಲ ನನ್ನಿಂದ ಒಗೆಸಿದಳು.

ಈ ಬಟ್ಟಲಲ್ಲಿರುವುದೂ ಅದೇ, ಅಕ್ಕಾ.
ಹೆಸರು ಟೋನರ್.
ಬಣ್ಣ, ನೇರಳೆಹಣ್ಣು ತಿಂದ ನಾಲಿಗೆಯದು.
ಹಳದಿಗೆ ನೇರಳೆ, ಕಿತ್ತಳೆಗೆ ನೀಲಿ.
ಜಗಳಗಂಟರಿಬ್ಬರನ್ನು ಒಂದೇ ಸೀಟಲ್ಲಿ ಕೂರಿಸಿದರೆ
ಇಬ್ಬರೂ ತಣ್ಣಗಾಗುತ್ತಾರಲ್ಲ, ನಿಮ್ಮ ಬಸ್ಸಲ್ಲಿ?
"ಆಗಲ್ಲ," ಎಂದರು ಕುಸುಮಾವತಿ.
"ಆನಂದಪುರದಲ್ಲಿ ಇಳಿಸಬೇಕಾಗ್ತದೆ."

ನಾಲ್ಕು ನಿಮಿಷ. ಐದು.
ಒಂದೆಳೆ ಒರೆಸಿ ಬೆಳಕಿಗೆ ಹಿಡಿಯುತ್ತೇನೆ,
ಉಗುರು ನೋಡುತ್ತಿದ್ದವಳ ಮಗಳು.
ಇನ್ನೊಂದು ನಿಮಿಷ ಹೆಚ್ಚಾದರೆ
ಗುಮಾಸ್ತರ ಅಂಗಿ.

ಆಮೇಲೆ ಗ್ಲಾಸ್. ಲೋಟವಲ್ಲ ಅಕ್ಕಾ, ಹೊಳಪು.
ಬಣ್ಣ ಒಳಗೆ ಹೋಗಲೆಂದು
ಪ್ರತಿ ಎಳೆಯ ಹಂಚು ಎಬ್ಬಿಸಿದ್ದೇನೆ ಬೆಳಿಗ್ಗೆಯಿಂದ;
ಮಂಗ ಓಡಾಡಿದ ಮಾಡಿನ ಹಾಗಿದೆ ತಲೆ.
ಇದರಲ್ಲೊಂಚೂರು ಹುಳಿ ಇದೆ,
ತಾಗಿದರೆ ಹಂಚು ಮತ್ತೆ ಮಲಗುತ್ತವೆ,
ಬೆಳಕು ಎಲ್ಲೂ ಎಡವದೆ ಜಾರುತ್ತದೆ.

"ಎಷ್ಟು ದಿನ?"
ಆರು ವಾರ. ಬೋರಿನ ನೀರಾದರೆ ನಾಲ್ಕು.
"ಅಷ್ಟೇಯಾ!"
ಅಷ್ಟೇ.
ನೀಲಿ ನಿಲ್ಲುವ ಬಣ್ಣವಲ್ಲ, ಪ್ರತಿ ಒಗೆತಕ್ಕೂ ಹೊಸದು.
ನಮ್ಮ ಮನೆಯ ಒಲೆ ಉರಿದದ್ದು
ಅದು ನಿಲ್ಲದೇ ಇದ್ದದ್ದರಿಂದ.

ಈಗ ನೋಡಿ.

ಇಪ್ಪತ್ತೆರಡು ವರ್ಷ ಹಿಂಬಾಗಿಲ ಧೂಳು ಕುಡಿದ ಕೂದಲು
ಹುರಿದ ಕಾಫಿಬೀಜದ ಕಂದು,
ಕಿವಿಯ ಹತ್ತಿರ ಸ್ವಲ್ಪ ತಿಳಿ.
ಕುಸುಮಾವತಿ ಏನೂ ಅನ್ನಲಿಲ್ಲ.
ತಲೆ ಎಡಕ್ಕೆ ತಿರುಗಿಸಿದರು, ಬಲಕ್ಕೆ,
ಬಸ್ಸು ರಿವರ್ಸ್ ತೆಗೆಸುವಾಗಿನಂತೆ ಮತ್ತೆ ಎಡಕ್ಕೆ.
"ಮೊನ್ನೆ ಒಬ್ಬಳು ಅಜ್ಜೀ, ಟಿಕೆಟ್ ಅಂದ್ಲು,"
ಅಂದರು, ಕನ್ನಡಿಗೆ. ನನಗಲ್ಲ.

ಆರುನೂರಕ್ಕೆ ಐನೂರು ಕೊಟ್ಟು
ಚೀಲ ತಡಕಿದರು. ಚಿಲ್ಲರೆ ಇಲ್ಲ.
ಚೀಲದಲ್ಲೇ ಸಿಕ್ಕಿತು ಯಾರೋ ಬಿಟ್ಟುಹೋದ
ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ಟು.
ಅದರ ಬೆನ್ನಿಗೆ ನಾನೇ ಬರೆದೆ: ಬಾಕಿ ನೂರು.
ಹರಿದು ಕೊಟ್ಟೆ.
ಆರು ವಾರ ಬಿಟ್ಟು ಕೇಳಿ ಇಸ್ಕೊಳ್ತೀನಿ, ಅಕ್ಕಾ,
ಇಳಿಯುವಾಗ ಮರೀಬೇಡಿ.