ಹಾಜರಿ, ಕೊನೆಯಿಂದ

ಬೀಗದ ಕೈ ಕೊರೆಯುವ ಯಂತ್ರದ ಪಕ್ಕ ನನ್ನ ಕಂಪ್ಯೂಟರು,
ಅದರ ಪಕ್ಕ ಜೆರಾಕ್ಸು, ಕಾಗದದ ಧೂಳು.
ಕಟ್ಟೆಯ ಮೇಲೆ ಮೀನು ಹರಾಜಿನ ಕೂಗು ನಿಂತ ಹೊತ್ತಿಗೆ
ಎಲಾಡಿಯೊ ಮೇಷ್ಟ್ರು ಬಂದರು,
ಕೋಟಿನ ಒಳಜೇಬಿನಿಂದ ಕರವಸ್ತ್ರದ ಗಂಟು ತೆಗೆದು
ಬಿಚ್ಚಿದರು ಒಂದು ಸಿ.ಡಿ.ಯನ್ನ,
ಹಪ್ಪಳ ಮುರಿದೀತು ಎನ್ನುವಂತೆ.

'ಇದನ್ನ ವಿಡಿಯೋ ಮಾಡಿಕೊಡು ಸಬೇಲ.
ಊರು ಬಿಟ್ಟವರೆಲ್ಲ ಈಗ ಫೋನಿನಲ್ಲೇ ನೋಡುವುದು,
ಅದರಲ್ಲಿ ಇದು ತೆರೆಯುವುದೇ ಇಲ್ಲವಂತೆ.'

ನನ್ನ ಹಳೆಯ ಡಬ್ಬದಲ್ಲಿ ತೆರೆಯಿತು. ಬಿಸಾಡದೆ ಇಟ್ಟದ್ದು ಸಾರ್ಥಕ.
ಮುರೋಸಿನ ಶಾಲೆಯ ಮೆಟ್ಟಿಲು, ಎಪ್ಪತ್ತನಾಲ್ಕನೇ ಇಸವಿ,
ಇಪ್ಪತ್ತಮೂರು ಮುಖ, ಬಿಸಿಲಿಗೆ ಕಿರಿದಾದ ಕಣ್ಣು.
ಹಿಂದೆ ಗೈತಾ ವಾದ್ಯ, ಚರ್ಮದ ಚೀಲದ ತುಂಬ ಉಸಿರು,
ಮೇಷ್ಟ್ರ ಭಾವಮೈದುನ ನುಡಿಸಿದ್ದು
ಮೀನಿನ ಡಬ್ಬಿ ಕಾರ್ಖಾನೆಯ ಗೋಡೌನಿನಲ್ಲಿ ನಿಂತು.

ಮುಖದ ಮೇಲೆ ತಂದರೆ ಬಾಣ ಕೈಯಾಗುತ್ತದೆ.
ಒತ್ತಿದರೆ ಮಗು ದೊಡ್ಡದಾಗುತ್ತದೆ:
ಒಬ್ಬಳು ಜ್ಯೂರಿಕ್ಕಿನ ಆಸ್ಪತ್ರೆಯ ಅಡುಗೆಮನೆಯಲ್ಲಿ, ಸೌಟು ಹಿಡಿದು;
ಒಬ್ಬ ಹಡಗಿನಲ್ಲಿ, ಮೊಳಕಾಲ ತನಕ ಮೀನು;
ಒಬ್ಬನಿಗೆ ಬ್ಯಾಂಕು, ಟೈ, ಅದೇ ಬೆಪ್ಪು ನಗೆ.
ಯಾರನ್ನ ಮೊದಲು ಒತ್ತಬೇಕೆಂದು ಯಾರೂ ಹೇಳಿಲ್ಲ.
ಎಷ್ಟು ಹೊತ್ತು ನೋಡಿದರೂ ಕಾಯುತ್ತದೆ, ಮತ್ತೆ ಒತ್ತುವವರೆಗೆ.
(ನಾನು ಒತ್ತಿದ್ದು ಅಮ್ಮನನ್ನ.
ಎರಡನೇ ಮೆಟ್ಟಿಲು, ಮುಂದಿನ ಹಲ್ಲಿಲ್ಲ.)

'ವಿಡಿಯೋ ಹೀಗಲ್ಲ ಮೇಷ್ಟ್ರೇ,
ಅದು ಯಾರಿಗೂ ಕಾಯುವುದಿಲ್ಲ.
ಸಾಲಾಗಿ ನಿಲ್ಲಿಸಬೇಕು. ಒಬ್ಬರು ಮೊದಲು,
ಒಬ್ಬರು ಕೊನೆ.
ತಲೆಗಿಷ್ಟು ಸೆಕೆಂಡು ಅಂತ ಹಂಚಬೇಕು.'

ಮೇಷ್ಟ್ರು ಕುರ್ಚಿ ಎಳೆದುಕೊಂಡರು.
ನಲವತ್ತು ವರ್ಷ ಬೆಳಿಗ್ಗೆ ಬೆಳಿಗ್ಗೆ ಕೂಗಿದ ಪಟ್ಟಿ
ತುಟಿಯಲ್ಲೇ ಓಡಿತು: ಅಬೆಶೋನ್, ಬ್ಲಾಂಕೊ, ಕಾಮೆಸೆಲ್...
ತಟ್ಟನೆ ನಿಂತಿತು.
'ಉಹೂಂ. ಥಾಸ್‌ನಿಂದ ಶುರು ಮಾಡು.
ಕಟ್ಟಕಡೆಯ ಅಕ್ಷರದ ಹುಡುಗ,
ಪಾಪ, ಅವನ ಸರದಿ ಬರುವಷ್ಟರಲ್ಲಿ
ನನ್ನ ದನಿಯೇ ಬತ್ತಿರುತ್ತಿತ್ತು.'

ಹಾಗೆ ಥಾಸ್ ಮೊದಲಾದ. ಅಮ್ಮ ಕೊನೆಗೆ ಬಿದ್ದಳು.
(ರಾತ್ರಿ ಫೋನಿನಲ್ಲಿ ಜಗಳ: 'ನಿನ್ನ ಅಂಗಡಿಯಲ್ಲೇ ನನಗೆ ಈ ಗತಿಯೇ?')

ಇನ್ನು ಲೆಕ್ಕ.
ವಾದ್ಯ ಮೂರು ನಿಮಿಷ ಹನ್ನೆರಡು ಸೆಕೆಂಡು.
ಇಪ್ಪತ್ತಮೂರು ಮುಖ, ತಲೆಗೆ ಎಂಟು.
ಉಳಿದದ್ದು ಎಂಟು.

'ಕತ್ತರಿಸಲೇ?' ಎಂದೆ.
'ತಡಿ,' ಎಂದರು. 'ಇಪ್ಪತ್ತನಾಲ್ಕಲ್ಲವೇ ಇದ್ದದ್ದು?
ಅವತ್ತು ಒತೀಲಿಯಳಿಗೆ ಮಂಗಬಾವು.
ಗೈರುಹಾಜರಿ ನಾನೇ ಬರೆದದ್ದು, ಕೆಂಪು ಶಾಯಿಯಲ್ಲಿ.'

ಇಟ್ಟೆ. ಚಿತ್ರವಿಲ್ಲದ ಎಂಟು ಸೆಕೆಂಡು,
ಬರೀ ಕಪ್ಪು. ಬೆರಳು ಬಿಟ್ಟ ಮೇಲೂ
ಚೀಲದಲ್ಲಿ ಉಳಿದ ಗಾಳಿ ತನ್ನಷ್ಟಕ್ಕೆ ನರಳಿ ಕರಗುವುದು.

ನೂರಕ್ಕೆ ಹತ್ತು, ಹದಿನಾಲ್ಕು, ಅರವತ್ತು...
ಪಂಖ ಬುಸುಗುಟ್ಟಿತು, ಮೇಜು ಬೆಚ್ಚಗಾಯಿತು,
ಇಪ್ಪತ್ತಮೂರು ಬಾಗಿಲು ಮುಚ್ಚಿ ಒಂದು ಓಣಿಯಾಯಿತು.

ಪರೀಕ್ಷೆಗೆಂದು ಓಡಿಸಿದಾಗ
ಹಿತ್ತಲ ಬಾಗಿಲಿನ ಬೀಗದ ಕೈಗೆ ಬಂದು ನಿಂತಿದ್ದಳು ಒತೀಲಿಯ,
ಹರಾಜಿನಲ್ಲಿ ಕೂಗಿ ಕೂಗಿ ಒಡೆದ ಗಂಟಲು, ರಬ್ಬರು ಬೂಟು.
ಒಬ್ಬೊಬ್ಬರನ್ನೂ ಹೆಸರಿಟ್ಟು ಬೈದಳು, ನಕ್ಕಳು.
ಕಪ್ಪು ಬಂದಾಗ ಸುಮ್ಮನಾದಳು.
ಗಾಜಿನಲ್ಲಿ ಅವಳದೇ ಮುಖ, ಎಂಟು ಸೆಕೆಂಡು.
ಮುಂಗುರುಳು ಸರಿಮಾಡಿಕೊಂಡಳು.
'ಎಷ್ಟಾಯಿತು, ಕೀಲಿಗೆ?'

ಇನ್ನು ಮೇಲಕ್ಕೆ ಕಳಿಸುವುದಷ್ಟೇ.
ಶೀರ್ಷಿಕೆ ಕೇಳಿತು, ಕೊಟ್ಟೆವು.
ವಾದ್ಯ ಯಾರದೆಂದು ಕೇಳಿತು, ಭಾವಮೈದುನನ ಹೆಸರು.
ಆಮೇಲೆ ಒಂದು ಪ್ರಶ್ನೆ, ಎರಡು ಗುಂಡಿ:
ಈ ವಿಡಿಯೋ ಮಕ್ಕಳಿಗಾಗಿಯೇ?
ಹೌದು. ಅಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿದರು, ಮತ್ತೆ ತೆಗೆದರು.
ಬಾಣ ಕೈಯಾಗಿ ನಿಂತಿತ್ತು.
ಅದೊಂದು ಕಾಯಿತು.