ನಾಲ್ಕನೆಯದು

ಲೊಬಾಟ್ಸೆಯಲ್ಲಿ ಶನಿವಾರ ರಾತ್ರಿ. ಟೈರಂಗಡಿಯ ಹಿಂದೆ
ಜನರೇಟರು ಕೆಮ್ಮಿ ಕೆಮ್ಮಿ ಹತ್ತಿಕೊಂಡ ಮೇಲೆ
ಒಬ್ಬೊಬ್ಬರೇ ಬಂದರು. ಮೂವತ್ತಾರು ಡಿಗ್ರಿ ಸೆಕೆಯಲ್ಲಿ
ಕೊರಳಿಂದ ಹಿಮ್ಮಡಿವರೆಗೆ ಕಪ್ಪು ಚರ್ಮ,
ಸೊಂಟಕ್ಕೆ ಸರಪಳಿ, ತಲೆಗೆ ದನ ಕಾಯುವವರ ಟೊಪ್ಪಿ;
ನಡೆದರೆ ಲಾಯ ಬಿಚ್ಚಿದ ಸದ್ದು.
ಆ ಮೊಳೆಗಳನ್ನೆಲ್ಲ ಹೊಡೆದವನು ನಾನು.
ಯಾರ ತೋಳಿಗೆ ಎಷ್ಟು, ಯಾರದೆಷ್ಟು ಬಾಕಿ,
ಎಲ್ಲ ಬಾಯಿಪಾಠ.

ತಪ್ಪಾಡುವವನಿಗೂ ಅವನ ಮಾತು ಅವನದು:
ಪಂಚಾಯ್ತಿಗೆ ಕೂತಾಗ ನಮ್ಮ ಹಿರಿಯರು ಹೀಗನ್ನುತ್ತಾರೆ.
ಅದನ್ನೇ ನೆಪ ಮಾಡಿಕೊಂಡು ಶುರುವಿಟ್ಟ ರಾಪುಲಾ.
ಅಡ್ಡಹೆಸರು ಗೋರಿಗುದ್ದಲಿ; ಹಗಲು ಭೂಗೋಳದ ಮೇಷ್ಟ್ರು.
"ಟಿನ್ ಬಿಷಪ್ಪಿನ ಮೊದಲ ಆಲ್ಬಮ್ಮಿಗೆ
ಅಡ್ಡಬೀಳ್ತೀರಲ್ಲ, ಅದರಲ್ಲಿರೋದು ಬರೀ ಓಟ.
ನಾಯಿ ಅಟ್ಟಿಸಿಕೊಂಡು ಬಂದರೆ ನಮ್ಮಜ್ಜಿಯೂ ಓಡ್ತಾಳೆ."

ಬಾಟಲಿಯೊಂದು ಉರುಳಿತು. ಮೊಲೊಕಿ ಎದ್ದು ನಿಂತ,
ಲಾರಿಯ ಬಾಗಿಲಷ್ಟು ಅಗಲ ಎದೆ:
"ಹಾಗಾದರೆ ಕೇಳು. ಮೊದಲ ಗಾಯಕ ಬಿಟ್ಟು ಹೋದದ್ದೇ ಪುಣ್ಯ.
ಅವನದು ಕಿರುಚಾಟವಲ್ಲ, ಹಲ್ಲುನೋವು."
ಎತ್ತು ಏರಿಗೆಳೆಯಿತು, ಕೋಣ ನೀರಿಗೆ.
ಬೇಸ್ ಗಿಟಾರು ಯಾರಿಗೂ ಕೇಳಿಸುವುದೇ ಇಲ್ಲವೆಂದ ಒಬ್ಬ;
ಕೇಳಿಸದಿದ್ದರೆ ಕಿವಿ ತೊಳೆದುಕೋ ಎಂದ ಇನ್ನೊಬ್ಬ;
ಎಂಟು ನಿಮಿಷದ ಗಿಟಾರ್ ಸೋಲೋ
ಸಾವಿನ ಮನೆಯ ಭಾಷಣದ ಹಾಗೆ,
ಆಡಿದವನ ಹೊರತು ಯಾರಿಗೂ ಬೇಡ ಎಂದ ಮತ್ತೊಬ್ಬ,
ಅವನ ಹೆಸರು ನನಗೆ ಗೊತ್ತಿಲ್ಲ, ನಗದು ಗಿರಾಕಿ.

ತ್ಶೆನೊಲೊ ಆಗ ಬಾಯಿ ತೆರೆದಳು.
ಕಸಾಯಿಖಾನೆಯ ಶೈತ್ಯಕೋಣೆಯಲ್ಲಿ ದುಡಿಯುವವಳು,
ಮಾತೂ ಅಲ್ಲಿಂದಲೇ ತೆಗೆದಿಟ್ಟಂತೆ.
"ನಾಲ್ಕನೆಯದು."
ಅಷ್ಟೆ. ಜನರೇಟರೂ ಒಂದು ಗುಟುಕು ತಡವರಿಸಿತು.

ನಾಲ್ಕನೆಯದೆಂದರೆ ಗೊತ್ತಲ್ಲ: ಕೂದಲು ಕತ್ತರಿಸಿಕೊಂಡದ್ದು,
ಕೀಬೋರ್ಡು ತಂದದ್ದು, ಮುಖಪುಟಕ್ಕೆ ಹಂಸ,
ಡ್ರಮ್ಮರು ಬಿಟ್ಟು ಹೋದ ಜಾಗದಲ್ಲಿ ಯಂತ್ರ.
ರಾಪುಲಾ ಆ ಕ್ಯಾಸೆಟ್ಟನ್ನು
ಕುಂಟುವ ಬೀರುವಿನ ಕಾಲಿಗೆ ಕೊಟ್ಟವನು;
ಹೇಳಿಕೊಂಡು ನಗುತ್ತಿದ್ದ, ಇಪ್ಪತ್ತು ವರ್ಷದಿಂದ.

ಅವಳು ವಾದಿಸಲಿಲ್ಲ. ಪಿಕಪ್ಪಿನ ಬಾಗಿಲು ತೆಗೆದು
ಕ್ಯಾಸೆಟ್ಟು ತಳ್ಳಿದಳು.
ಯಂತ್ರ ಟಪ ಟಪ ಎಂದಿತು, ಸೋರುವ ನಲ್ಲಿಯಂತೆ.
ಯಾರೋ ಕಿಸಕ್ಕೆಂದರು.
"ಏಳನೇ ನಿಮಿಷ," ಅಂದಳು, "ಸುಮ್ಮನಿರಿ."
ಏಳನೇ ನಿಮಿಷಕ್ಕೆ ಯಂತ್ರ ನಿಂತಿತು.
ಗಿಟಾರು ಮುಂದೆ ಹೋಗಲಿಲ್ಲ. ಒಂದು ತಾಳದಷ್ಟು ಕಾಯಿತು,
ಊಟದ ಸಾಲಿನಲ್ಲಿ ಯಾರಿಗೋ ಜಾಗ ಹಿಡಿದ ಹಾಗೆ.
ಆಮೇಲೆ ಹೋಯಿತು.
ಮತ್ತೆ ಬಂದಾಗ ಮತ್ತೆ ಕಾಯಿತು.
ಮೂರನೆಯ ಸಲ ಆ ಖಾಲಿಯಲ್ಲಿ
ಸರಪಳಿಯೊಂದು ಝಣ್ ಎಂದಿತು. ಯಾರ ಬೂಟಿನದು
ಎಂದು ನಾನು ಹೇಳುವುದಿಲ್ಲ; ಆ ಸರಪಳಿಯ ತೂಕ ನನಗೆ ಗೊತ್ತು.

"ಈಗಲೂ ಕೆಟ್ಟದಾಗೇ ಇದೆ," ಅಂದ ರಾಪುಲಾ.
"ಇರಲಿ," ಅಂದಳು. ಟೇಪು ನಿಲ್ಲಿಸು ಅಂತ
ಯಾರೂ ಹೇಳಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದಳು: "ನಿನ್ನದೇನು, ಚರ್ಮದವನೇ?"
ಹದಿನಾಲ್ಕು ವರ್ಷ ಮುಚ್ಚಿಟ್ಟದ್ದು ನಾಲಿಗೆಯ ತುದಿಗೆ ಬಂತು:
ನನಗೆ ಇವರ ಯಾವ ಬ್ಯಾಂಡೂ ಹಿಡಿಸುವುದಿಲ್ಲ.
ಒಂದೂ ಇಲ್ಲ. ಮನೆಯಲ್ಲಿ ನಾನು ಕೇಳುವುದು
ಅಕಾರ್ಡಿಯನ್ನು, ಅದೂ ಸಣ್ಣಗೆ.
ಇಲ್ಲಿಗೆ ಬರುವುದು ಈ ಜಗಳಕ್ಕೆ,
ಹಂಸವೊಂದರ ಸಲುವಾಗಿ ದೊಡ್ಡ ಗಂಡಸರು
ಕಣ್ಣು ಕೆಂಪು ಮಾಡಿಕೊಳ್ಳುವುದನ್ನು ನೋಡಲಿಕ್ಕೆ.
"ಮೊದಲನೆಯದೂ ಚೆನ್ನ, ನಾಲ್ಕನೆಯದೂ ಚೆನ್ನ," ಅಂದೆ.
"ಅಂಗಡಿಯವನ ಮಾತು!" ಎಂದು ಎಲ್ಲರೂ ಒಟ್ಟಾಗಿ ಬೈದರು,
ಆ ರಾತ್ರಿ ಒಟ್ಟಾದದ್ದು ಅದೊಂದಕ್ಕೇ.

ಅವಳು ಪಿಕಪ್ಪು ಹತ್ತುವಾಗ ದೀಪ ಬೆನ್ನಿಗೆ ಬಿತ್ತು.
ಎಡ ಭುಜದ ಸಾಲಿನಲ್ಲಿ ಒಂದು ಮೊಳೆ ಇಲ್ಲ.
ಹೋದ ವರ್ಷವೇ ಕೇಳಿದ್ದೆ, ಹಾಕಿಕೊಡಲೇ, ದುಡ್ಡು ಬೇಡ ಅಂತ.
ಬೇಡ, ಹಾಗೇ ಇರಲಿ ಅಂದಿದ್ದಳು.