ಎಂಟು ಮಾರು

ಈ ಹಲ್ಲು ಎಲ್ಲಿ ಹೋಯಿತಜ್ಜಾ ಎಂದು ಮೊಮ್ಮಗಳು
ಸಂದಿಯೊಳಗೆ ಕಿರುಬೆರಳಿಟ್ಟು ಕೇಳುತ್ತಾಳೆ.
ಲಕ್ಷ್ಮಣತೀರ್ಥದಲ್ಲಿದೆ ಅನ್ನುತ್ತೇನೆ,
ನಿಟ್ಟೂರಿನಿಂದ ಕೆಳಗೆ, ಹೊಳೆ ಬಾಗುವಲ್ಲಿ.

ಯುದ್ಧವಿರಲಿಲ್ಲ.
ರೇಡಿಯೋದಲ್ಲಿ ಕಾಳುಮೆಣಸಿನ ಧಾರಣೆ ಹೇಳುತ್ತಿದ್ದರು.
ಇಪ್ಪತ್ತು ದಿನದ ರಜೆಗೆ ಅಚ್ಚಯ್ಯ ತನ್ನೂರಿಗೆ ಕರೆತಂದಿದ್ದ.
ಅವನ ತಾಯಿ ನನಗೆಂದು ಬೇರೆ ಒಲೆ ಹೊತ್ತಿಸಿ
ಕಡಂಬುಟ್ಟಿಗೆ ಕುಂಬಳಕಾಯಿ ಕರಿ ಮಾಡಿದರು.
ಇಬ್ಬರೂ ಅವ್ವ ಎಂದೇ ಕರೆಯುವವರು ನಾವು,
ಅವನ ಮಾತಿನಲ್ಲಿ ನನಗೆ ತಿಳಿದಿದ್ದು ಅದೊಂದೇ ಶಬ್ದ.

ನಾನು ಮುದ್ದೇಬಿಹಾಳದ ಕಡೆಯವ.
ನೀರೆಂದರೆ ಹಗ್ಗದ ತುದಿಯಲ್ಲಿ ಮೇಲೆ ಬರುವಂಥದು.
ಅಡ್ಡ ಮಲಗಿ ಹರಿಯುವುದನ್ನು ನಂಬಿ ಇಳಿದೆ.
ಸೊಂಟದ ಮಟ್ಟ ಇತ್ತು.
ಮುಂದಿನ ಹೆಜ್ಜೆಗೆ ನೆಲವೇ ಇರಲಿಲ್ಲ.

ಪದಕದ ಜೊತೆ ಬಂದ ಕಾಗದದಲ್ಲಿ ನಾಲ್ಕು ಸಾಲು:
ಸ್ವಂತ ಪ್ರಾಣದ ಹಂಗು ತೊರೆದು, ಸೆಳವಿಗೆ ಎದುರಾಗಿ,
ಮುಳುಗುತ್ತಿದ್ದ ಸಹಸೈನಿಕನನ್ನು.
ಸಹಸೈನಿಕ ಏನು ಮಾಡಿದ ಎಂಬುದಿಲ್ಲ.

ಅವನ ಹೆಗಲು ಹತ್ತಿದೆ.
ಅವನ ತಲೆಯನ್ನೇ ಮೆಟ್ಟಿಲು ಮಾಡಿಕೊಂಡು ಒಂದು ಉಸಿರೆಳೆದೆ.
ಅಷ್ಟು ಸಿಹಿಯಾದದ್ದು ಆಮೇಲೆಂದೂ ಸಿಕ್ಕಿಲ್ಲ.
ಕಾಲಡಿಯಲ್ಲಿ ಒದ್ದಾಡುತ್ತಿರುವವನು ಯಾರೆಂದು ಗೊತ್ತಿತ್ತು.
ಗೊತ್ತಿದ್ದೂ
ಒತ್ತಿದೆ.
ಹನ್ನೊಂದು ವರ್ಷದ ಸರ್ವಿಸಿನಲ್ಲಿ ಅವನನ್ನು ಕೊಲ್ಲುವಷ್ಟು
ಹತ್ತಿರ ಬಂದ ಶತ್ರು ನಾನೊಬ್ಬನೇ.

ದಡ ಎಂಟು ಮಾರು.
ಬಿಡಿಸಿಕೊಂಡವನು ಅತ್ತ ಈಜಿ ಹೋಗಬಹುದಿತ್ತು.
ತಿರುಗಿ ಬಂದ. ಮುಷ್ಟಿ ಬಿಗಿದು ನನ್ನ ಬಾಯಿಗೊಂದು ಕೊಟ್ಟ.
ಫೌಜಿ ಕ್ರಾಪಿನಲ್ಲಿ ಹಿಡಿಯಲು ಕೂದಲಿಲ್ಲ,
ಗದ್ದಕ್ಕೆ ಕೈಯಿಟ್ಟು ಎಳೆದ,
ನಾನು ಕಂಡಿದ್ದು ಬಿದಿರುಮೆಳೆಯ ಮೇಲಿನ ಆಕಾಶ,
ಅದೂ ಹಿಂದೆ ಹಿಂದೆ ಓಡುತ್ತಿದ್ದ ಆಕಾಶ.

ಮರಳ ಮೇಲೆ ಇಬ್ಬರೂ ಕಕ್ಕಿದೆವು.
ಅವನ ಕುತ್ತಿಗೆಯಲ್ಲಿ ನನ್ನ ಉಗುರಿನ ಐದು ಗೆರೆ.
ಮನೆಯಲ್ಲಿ ಅವ್ವ ಕೇಳಿದರೆ
ಕಾಫಿ ಗಿಡ ತರಚಿತು ಅಂದ,
ಇವನ ಬಾಯಿಗೆ ಬಂಡೆ ಬಡಿಯಿತು ಅಂದ.
ಅಷ್ಟೇ. ಮತ್ತೆಂದೂ ಆ ಮಾತೆತ್ತಲಿಲ್ಲ.

ರೆಜಿಮೆಂಟಿಗೆ ಬರೆದು ತಿಳಿಸಿದವನು ನಾನೇ.
ಅರ್ಧ ಬರೆದೆ.
ಕರ್ನಲ್ ಸಾಹೇಬರ ಮುಂದೆ ಎದೆಗೆ ಪದಕ ಚುಚ್ಚುವಾಗ
ಅಚ್ಚಯ್ಯ ನನ್ನತ್ತ ನೋಡಿದ,
ತಕ್ಷಣ ನೇರ ನೋಡತೊಡಗಿದ.

ಹೋದ ಮಾಗಿಯಲ್ಲಿ ಅವನ ಮನೆಯಂಗಳದಲ್ಲಿ
ಸಾವಿನ ಎರಡು ಗುಂಡು ಹಾರಿದವು.
ಸುದ್ದಿ ಮೂರು ದಿನ ತಡವಾಗಿ ಬಂತು.

ಹಲ್ಲು ಕಟ್ಟಿಸಿಕೊಳ್ಳಪ್ಪಾ ಎಂದು ಮಗ ಹೇಳುತ್ತಲೇ ಇದ್ದಾನೆ.
ಬೇಡ.
ಬೆಳಗಿನ ಚಳಿಯಲ್ಲಿ ಬಾಗಿಲು ತೆರೆದು ನಿಂತರೆ
ಆ ಸಂದಿಯಿಂದಲೇ ಮೊದಲು ಗಾಳಿ ಒಳಗೆ ಬರುತ್ತದೆ.